ವಾಸ್ಕೋದ ಕನ್ನಡ ಸಭೆಯಲ್ಲಿ ಒಂದು ಬೇಸಿಗೆ ವಾರ

ಶನಿವಾರ

ಧಾರವಾಡದ ನಮ್ಮ ಕ್ರೈಸ್ತ ಸಭೆಯಲ್ಲಿ ಬೇಸಿಗೆಯ ರಜಾ ಸತ್ಯವೇದ ಶಾಲೆ, ಅಂದರೆ ರಜೆಯಲ್ಲಿ ಮಕ್ಕಳಿಗೆ ಬೈಬಲ್ ಪಾಠ, ಹಾಡು, ಆಟ ಕಲಿಸುವ, ಎಲ್ಲರ ಬಾಯಲ್ಲೂ ವಿಬಿಎಸ್ ಎಂದೇ ಆಗಿಹೋಗಿರುವ ಶಾಲೆ, ಏಪ್ರಿಲ್ ಕೊನೆಯ ವಾರಕ್ಕೇ ಮುಗಿದಿತ್ತು. ಗೋವಾದ ವಾಸ್ಕೋ ಬಳಿಯ ಚಿಕ್ಕ ಕನ್ನಡ ಸಭೆಯ ಹಿರಿಯರೊಬ್ಬರು ಈಸ್ಟರಿಗೆ ಮೊದಲೇ ಫೋನು ಮಾಡಿ, "ಇಲ್ಲಿ ಮೇ ತಿಂಗಳು ಹುಡುಗರಿಗೆ ಸೂಟಿ ಐತ್ರಿ ಟೀಚರ್. ಅವ್ವ ಅಪ್ಪಗ ಸೂಟಿ ಇಲ್ಲ. ಒಂದು ವಾರ ನೀವು ಬಂದು ಕಲಿಸಿಕೊಟ್ಟರ ಬಾಳ ಉಪಕಾರ ಆಗ್ತದ" ಎಂದು ಕೇಳಿಕೊಂಡಿದ್ದರು. ಸಂಡೇ ಸ್ಕೂಲಿನಲ್ಲಿ 22 ವರ್ಷ ಪಾಠ ಹೇಳಿರುವ ನನಗೆ ಅವರ ಎರಡನೆಯ ಮಾತೇ ಮನಸ್ಸಿನಲ್ಲಿ ನಿಂತಿತು. ಯುವಜನ ಸಂಘದ ಇಬ್ಬರನ್ನು ಜೊತೆ ಮಾಡಿಕೊಂಡು, ಬಣ್ಣದ ಕಾಗದ, ಚಿತ್ರಪಟ, ಒಂದು ಡೋಲಕ್ಕು ಮತ್ತು ಕಂಠಪಾಠ ವಾಕ್ಯದ ಅರವತ್ತು ಚೀಟಿಗಳನ್ನು ಕಟ್ಟಿಕೊಂಡು ಬೆಳಗಿನ ರೈಲು ಹತ್ತಿದೆ.

ಲೋಂಡಾ ದಾಟುವ ತನಕ ಕಿಟಕಿಯ ಆಚೆ ಒಣ ಹುಲ್ಲು, ಕೆಂಪು ಧೂಳು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಹಳಿ 37 ಅಡಿಗೆ ಒಂದು ಅಡಿಯಂತೆ ಇಳಿಯುತ್ತದೆ. ರೈಲು ಬ್ರೇಕು ಹಿಡಿದು ಹಿಡಿದು ಸುರಂಗಗಳನ್ನು ಹೊಕ್ಕು ಹೊರಬರುವಾಗ ಗಾಳಿಯೇ ಬದಲಾಗುವುದನ್ನು ಚರ್ಮದ ಮೇಲೆ ತಿಳಿಯಬಹುದು. ಮಳೆಗಾಲದಲ್ಲಿ ಬೆಟ್ಟವನ್ನೇ ಬಿಳಿ ಮಾಡುವ ದೂಧ್‌ಸಾಗರ ಮೇ ತಿಂಗಳಲ್ಲಿ ಕರಿ ಬಂಡೆಯ ಮೇಲೆ ಎಳೆದ ಸಣ್ಣ ನೂಲಿನಂತಿತ್ತು. ಘಟ್ಟ ಇಳಿದ ಕೂಡಲೇ ಬೆವರು ಶುರುವಾಯಿತು. ಧಾರವಾಡದ ಬಿಸಿಲು ಸುಡುತ್ತದೆ, ಆದರೆ ನೆರಳಿಗೆ ಹೋದರೆ ಬಿಟ್ಟುಬಿಡುತ್ತದೆ. ಇಲ್ಲಿಯ ಸೆಕೆ ನೆರಳಿನೊಳಕ್ಕೂ ಹಿಂದೆಯೇ ಬರುತ್ತದೆ. ಬೇಸಿಗೆಯಲ್ಲಿ ಈ ಕಡೆ ಬರುವವರು ತೆಳುವಾದ ಹತ್ತಿ ಬಟ್ಟೆಯನ್ನಲ್ಲದೆ ಬೇರೇನನ್ನೂ ತರಬಾರದು ಎಂಬುದನ್ನು ನನ್ನ ಪಾಲಿಯೆಸ್ಟರ್ ಸೀರೆ ಮಡಗಾಂವ್ ಬರುವಷ್ಟರಲ್ಲಿ ಕಲಿಸಿತ್ತು.

ಸಭೆಯಿರುವುದು ಜುವಾರಿನಗರದ ಗುಡ್ಡದಿಂದ ಸಾಂಕ್ವಾಳದ ಕಡೆಗೆ ಇಳಿಯುವ ರಸ್ತೆಯಲ್ಲಿ. ಮೇಲೆ ಬಾಗಲಕೋಟೆ, ಗದಗ, ವಿಜಯಪುರ, ಹಾವೇರಿ ಜಿಲ್ಲೆಗಳಿಂದ ದುಡಿಯಲು ಬಂದವರ ಮನೆಗಳು ಒಂದಕ್ಕೊಂದು ಆತುಕೊಂಡಿವೆ. ಕೆಳಗೆ ಹೆಂಚಿನ ಮಾಡಿನ, ಜಗಲಿಯಲ್ಲಿ ಕಲ್ಲಿನ ಆಸನಗಳಿರುವ ಹಳೆಯ ಗೋವಾ ಮನೆಗಳಿವೆ. ನಾವು ಇಳಿದುಕೊಂಡ ಮನೆಯ ಅಕ್ಕ ರೊಟ್ಟಿ, ಪುಂಡಿಪಲ್ಲೆ ಬಡಿಸುತ್ತಾ, "ಇವತ್ತ ಕೆಳಗ ಮಾಯಿ ಮನಿ ಮುಂದಿನ ಶಿಲುಬಿ ಹಬ್ಬ ಐತಿ, ಹೋಗಿ ಬರೂಣು ನಡೀರಿ" ಎಂದರು. ಮಾಯಿ ಎಂದರೆ ಕೆಳಗಿನ ಹಳೆಯ ಮನೆಯಲ್ಲಿರುವ ಕ್ಯಾಥೊಲಿಕ್ ಅಜ್ಜಿ. ಕಾರವಾರದ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದು 40 ವರ್ಷ ಕಳೆದರೂ ಕನ್ನಡವನ್ನು ಬಿಟ್ಟಿಲ್ಲ.

ಗೋವಾದಲ್ಲಿ ದಾರಿಯ ತಿರುವಿಗೊಂದು, ಬಾವಿಯ ಬಳಿಗೊಂದು ಬಿಳಿಯ ಶಿಲುಬೆ ಇರುತ್ತದೆ. ಮೇ 3ರ ಪವಿತ್ರ ಶಿಲುಬೆಯ ಹಬ್ಬದ ಸುತ್ತಮುತ್ತ ಕೇರಿಯ ಜನರು ಅದಕ್ಕೆ ಸುಣ್ಣ ಬಳಿದು, ಅಬ್ಬಲಿಗೆಯ ಹಾರ ಹಾಕಿ, ಮೇಣದಬತ್ತಿ ಹಚ್ಚಿ ಸಂಜೆ ಲದಾಯಿನ್ ಹಾಡುತ್ತಾರೆ. ಅದು ಲ್ಯಾಟಿನ್ ಭಾಷೆಯ ಪ್ರಾರ್ಥನಾ ಮಾಲೆ. ಒಬ್ಬರು ಪಿಟೀಲು ಹಿಡಿದಿದ್ದರು. ಮುಂದಾಳು ಒಂದೊಂದು ಹೆಸರು ಹೇಳಿದಂತೆ ಮುದುಕರೂ ಮಕ್ಕಳೂ ಎರಡು ಮೂರು ಸ್ಥಾಯಿಗಳಲ್ಲಿ "ಓರಾ ಪ್ರೊ ನೋಬಿಸ್", ಅಂದರೆ ನಮಗಾಗಿ ಪ್ರಾರ್ಥಿಸು, ಎಂದು ಎಳೆದು ಹಾಡುವಾಗ ರಸ್ತೆಯಲ್ಲಿ ಹೋಗುತ್ತಿದ್ದ ಸ್ಕೂಟರುಗಳು ತಾವಾಗಿಯೇ ನಿಧಾನವಾದವು. ಸಂತರ ಮೊರೆಹೋಗುವುದು ನಮ್ಮ ಪ್ರೊಟೆಸ್ಟಂಟ್ ಪದ್ಧತಿಯಲ್ಲಿಲ್ಲ. ಆದ್ದರಿಂದ ನಾನು ಹಾಡಲಿಲ್ಲ, ತಲೆಬಾಗಿ ನಿಂತೆ. ಯಾರೂ ಅದನ್ನು ಬೇರೆಯಾಗಿ ನೋಡಲಿಲ್ಲ. ಮುಗಿದ ಮೇಲೆ ಬೇಯಿಸಿದ ಕಡಲೆಯನ್ನು ಕೊಬ್ಬರಿ ಚೂರಿನೊಂದಿಗೆ ಕಾಗದದ ಲೋಟದಲ್ಲಿ ಹಂಚಿದರು. ಹೊಸಬರು ಇಂಥ ಕಡೆ ಹೋದರೆ ಕಡಲೆ ಬೇಡವೆನ್ನಬಾರದು. ಹಂಚಿಕೊಂಡು ತಿಂದ ಮೇಲೆಯೇ ಅಲ್ಲಿ ಮಾತು ಶುರುವಾಗುವುದು.

ಭಾನುವಾರ

ಸಭೆ ಸೇರುವುದು ಬಾಡಿಗೆಯ ಕಟ್ಟಡದಲ್ಲಿ. ಮೊದಲು ಅದು ಸಿಮೆಂಟಿನ ಗೋದಾಮಾಗಿತ್ತು. ಮೇಲೆ ತಗಡಿನ ಛಾವಣಿ ಇರುವುದರಿಂದ ಒಂಬತ್ತು ಗಂಟೆಯ ನಂತರ ಒಳಗೆ ಕೂರಲಾಗದು. ಆದ್ದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ಆರಾಧನೆ ಏಳು ಗಂಟೆಗೇ ಶುರು. ಬ್ರೆಡ್ಡು ಮಾರುವ ಪೊದೇರನ ಸೈಕಲ್ಲಿನ ಹಾರ್ನ್ ಕೇಳಿ ಎದ್ದು, ಅವನಿಂದ ಕೊಂಡ ಬಿಸಿ ಪೊಯಿಯನ್ನು ಚಹದಲ್ಲಿ ಅದ್ದಿ ತಿಂದು ಹೊರಟೆವು. ಚಪ್ಪಲಿಯನ್ನು ಹೊರಗೆ ಬಿಟ್ಟು, ಜಮಖಾನೆಯ ಮೇಲೆ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕುಳಿತೆವು. ನಮ್ಮ ಉತ್ತರ ಕರ್ನಾಟಕದ ರೂಢಿ ಘಟ್ಟ ಇಳಿದರೂ ಇಳಿದಿರಲಿಲ್ಲ.

ಅರ್ಧ ಜಮಖಾನೆ ಖಾಲಿಯಿತ್ತು. ಬೇಸಿಗೆ ಎಂದರೆ ಊರಿನ ಮದುವೆಗಳ ಕಾಲ, ಮನೆಯ ಮಾಡು ಸರಿಮಾಡಿಸುವ ಕಾಲ. ಊರಲ್ಲಿ ಕೆಲಸವಿದ್ದವರೆಲ್ಲ ಬಸ್ಸು ಹತ್ತಿದ್ದರು. ಉಳಿದವರು ಬಂದರಿನಲ್ಲಿ, ಹಡಗು ಕಟ್ಟೆಯಲ್ಲಿ, ಗಾರೆ ಕೆಲಸದಲ್ಲಿ ರಜೆ ಸಿಗದವರು, ನಾಲ್ಕು ಮನೆಯ ಪಾತ್ರೆ ತಿಕ್ಕುವ ಹೆಂಗಸರು ಮತ್ತು ಅವರ ಮಕ್ಕಳು. ಆದರೂ ಹಾಡು ಎತ್ತಿದಾಗ ತಗಡು ನಡುಗುವಷ್ಟು ದನಿಯಿತ್ತು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದಾಗ ತಮ್ಮೊಂದಿಗೆ ತಂದ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿ ಹಾಡಿಸಿದರು. ಆ ಬಗೆಯ ಒಂದು ರಾಗವನ್ನು ಇಳಕಲ್ಲಿನ ಕಡೆಯ ಒಬ್ಬ ವೆಲ್ಡಿಂಗ್ ಕೆಲಸದವರು ಕಣ್ಣು ಮುಚ್ಚಿ, ಪುಸ್ತಕ ನೋಡದೆ, ನಾಲ್ಕೂ ಚರಣ ಹಾಡಿದ್ದನ್ನು ಕೇಳುವಾಗ ನನ್ನ ಗಂಟಲು ಕಟ್ಟಿತು.

ತಿಂಗಳ ಮೊದಲ ಭಾನುವಾರವಾದ್ದರಿಂದ, ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವೂ ಇತ್ತು. ಕೊನೆಯಲ್ಲಿ ಯಾರೋ ಕಾಣಿಕೆಯಾಗಿ ತಂದಿದ್ದ ಒಂದು ಡಜನ್ ಮಾನ್‌ಕುರಾದ್ ಮಾವಿನ ಹಣ್ಣನ್ನು ಹರಾಜು ಹಾಕಿದರು. ಗೋವಾದವರು ಈ ಹಣ್ಣಿನ ಮುಂದೆ ಬೇರೆ ಯಾವ ಮಾವನ್ನೂ ಹಣ್ಣೆಂದು ಒಪ್ಪುವುದಿಲ್ಲ. ದರ ಏರುತ್ತಾ 900 ರೂಪಾಯಿಗೆ ನಿಂತಿತು. ಕೂಗಿದವರು ಹಣ್ಣನ್ನು ಮನೆಗೆ ಒಯ್ಯದೆ, "ನಾಳಿ ಹುಡುಗರಿಗೆ ಹೆಚ್ಚಿ ಕೊಡ್ರಿ" ಎಂದು ಬುಟ್ಟಿಯನ್ನು ಅಲ್ಲಿಯೇ ಇಟ್ಟು ಕೆಲಸದ ಪಾಳಿಗೆ ಹೋದರು.

ರಾತ್ರಿ ಚೀಟಿಗಳ ಕಟ್ಟು ಬಿಚ್ಚಿದಾಗ ಎದೆ ಧಸಕ್ಕೆಂದಿತು. ವಾರದ ಪಾಠ ಬೈಬಲಿನ 23ನೆಯ ಕೀರ್ತನೆಯ, "ಯೆಹೋವನು ನನಗೆ ಕುರುಬನು; ಕೊರತೆಪಡೆನು" ಎಂಬ ಮಾತಿನ, ಕುರುಬನದು. ನಮ್ಮೂರಿನ ಮುದ್ರಣಾಲಯವೊಂದು ಅರವತ್ತೂ ಚೀಟಿಗಳಲ್ಲಿ "ಕುರುಬ" ಎಂಬುದನ್ನು "ಕುರಬ" ಎಂದು ಅಚ್ಚು ಮಾಡಿತ್ತು. ನಾನು ಕರಡು ತಿದ್ದಿ ಕೊಟ್ಟಿದ್ದೆ. ತಿದ್ದುಪಡಿ ಅಚ್ಚಿನವರೆಗೆ ಹೋಗಿರಲಿಲ್ಲ. ಅದೇ ಹೊತ್ತಿಗೆ ಕರೆಂಟು ಹೋಯಿತು. ಮೇಣದಬತ್ತಿಯ ಬೆಳಕಿನಲ್ಲಿ ಮೂವರೂ ಕುಳಿತು, ಬೆವರು ಕಾಗದದ ಮೇಲೆ ಬೀಳದಂತೆ ಹೆಗಲಿಗೆ ಟವೆಲು ಹಾಕಿಕೊಂಡು, ಒಂದೊಂದು "ರ"ಕಾರಕ್ಕೂ ಕಪ್ಪು ಪೆನ್ನಿನಿಂದ ಕೊಂಬು ಕೊಟ್ಟೆವು. ಮನೆಯ ಅಕ್ಕನ ಮಗ ನೋಡುತ್ತಾ ಕುಳಿತಿದ್ದವನು ಮೆಲ್ಲಗೆ, "ಟೀಚರ್, ನಮಗ ಕನ್ನಡ ಓದಾಕ ಬರಂಗಿಲ್ರಿ, ಮಾತಾಡಾಕಷ್ಟ ಬರ್ತದ" ಎಂದ. ಇಲ್ಲಿಯ ಹೆಚ್ಚಿನ ಮಕ್ಕಳು ಶಾಲೆಯಲ್ಲಿ ಕಲಿತಿರುವುದು ನಾಗರಿ ಮತ್ತು ಇಂಗ್ಲಿಷ್ ಅಕ್ಷರಗಳನ್ನು. ಆ ರಾತ್ರಿಯೇ ಪ್ರತಿ ಚೀಟಿಯ ಬೆನ್ನಿಗೆ ಅದೇ ಕನ್ನಡ ವಾಕ್ಯವನ್ನು ನಾಗರಿಯಲ್ಲಿ ಬರೆದೆವು. ಹೊರನಾಡಿನ ಮಕ್ಕಳಿಗೆ ಕಲಿಸಲು ಹೋಗುವವರು ಈ ಒಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಂಡು ಹೋಗಬೇಕು.

ಸೋಮವಾರ

ನಲವತ್ತು ಮಕ್ಕಳನ್ನು ನಿರೀಕ್ಷಿಸಿದ್ದೆವು, ಐವತ್ತೇಳು ಮಂದಿ ಬಂದರು. ಅವರಲ್ಲಿ ಸಭೆಯವರಲ್ಲದ ಮನೆಗಳ ಮಕ್ಕಳೂ ಇದ್ದರು. ತಾಯಂದಿರು ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಿಟ್ಟು, "ಹನ್ನೆರಡಕ್ಕ ಬರ್ತೀನ್ರಿ ಅಕ್ಕಾರ, ರಸ್ತೇಕ ಬಿಡಬ್ಯಾಡ್ರಿ" ಎಂದು ಹೇಳಿ ಹೋಗುತ್ತಿದ್ದರು. 1898ರಲ್ಲಿ ನ್ಯೂಯಾರ್ಕಿನಲ್ಲಿ ಎಲೈಜಾ ಹಾಸ್ ಎಂಬ ಮಹಿಳೆ ಬೇಸಿಗೆ ರಜೆಯಲ್ಲಿ ಬೀದಿಯಲ್ಲಿ ಅಲೆಯುತ್ತಿದ್ದ ಬಡ ಮಕ್ಕಳನ್ನು ನೋಡಿ, ಮದ್ಯದಂಗಡಿಯೊಂದರ ಕೋಣೆಯನ್ನು ಬಾಡಿಗೆಗೆ ಹಿಡಿದು ಈ ಬಗೆಯ ಶಾಲೆಗೆ ಮೊದಲಿಟ್ಟರು. ಆ ತಾಯಂದಿರ ಮಾತು ಕೇಳಿದಾಗ, ಹಾಡು ಆಟಗಳು ಬರುವ ಮೊದಲು ಈ ಶಾಲೆ ಮಗುವಿಗೆ ಒಂದು ಸುರಕ್ಷಿತ ನೆರಳಾಗಿ ಹುಟ್ಟಿತ್ತೆಂಬುದು ನನಗೆ ಮನದಟ್ಟಾಯಿತು.

ನೆರಳೇ ಮೊದಲ ತೊಂದರೆಯಾಯಿತು. ಹತ್ತು ಗಂಟೆಗೆ ತಗಡು ಕಾದು, ಎರಡು ಪುಟ್ಟ ಮಕ್ಕಳು ತಲೆ ಸುತ್ತುತ್ತದೆಂದು ಅಳತೊಡಗಿದರು. ಎಲ್ಲರನ್ನೂ ಸಾಲು ಮಾಡಿ ಕೆಳಗಿನ ಮಾಯಿಯ ಅಂಗಳದ ಹಲಸಿನ ಮರದಡಿಗೆ ಕರೆದೊಯ್ದೆವು. ಕೇಳದೆ ಬಂದುದಕ್ಕೆ ನಾನು ಸಂಕೋಚಪಟ್ಟರೆ ಮಾಯಿ, "ಮರ ನನ್ನದಲ್ಲ, ನಮ್ಮ ಮಾವನವರು ನೆಟ್ಟದ್ದು. ಹಣ್ಣು ಬೀಳುವ ಕಡೆ ಮಾತ್ರ ಮಕ್ಕಳನ್ನು ಕೂರಿಸಬೇಡಿ" ಎಂದರು. ಆ ದಿನದಿಂದ ಇಡೀ ವಾರ ಶಾಲೆ ಅಲ್ಲಿಯೇ ನಡೆಯಿತು.

ಸಂಜೆ ಮಾಯಿಯೇ ನಮ್ಮನ್ನು ಮಾಪುಸಾಕ್ಕೆ ಹೊರಡಿಸಿದರು. ಈಸ್ಟರ್ ಆದ ಮೂರನೆಯ ವಾರದ ಸೋಮವಾರ ಅಲ್ಲಿ ಮಿಲಾಗ್ರಿಸ್ ಮಾತೆಯ, ಅಂದರೆ ಪವಾಡಗಳ ಮಾತೆ ಮರಿಯಳ, ಫೆಸ್ತ್ ಎಂಬ ಹಬ್ಬ. ವಾಸ್ಕೋದಿಂದ ಪಣಜಿಗೆ ನಡುವೆ ಎಲ್ಲಿಯೂ ನಿಲ್ಲದ ಬಸ್ಸು ಹಿಡಿದು, ಪಣಜಿಯಲ್ಲಿ ಇಳಿದು ಮಾಪುಸಾದ ಬಸ್ಸಿಗೆ ಬದಲಾಯಿಸುವುದು ಸುಲಭದ ದಾರಿ. ಹಿಂದಿರುಗುವ ಬಸ್ಸುಗಳು ಮಾತ್ರ ರಾತ್ರಿ ಬೇಗ ತೀರುತ್ತವೆ. 1594ರ ಸಂತ ಜೆರೋಮರ ಚರ್ಚಿನ ಮುಂದೆ ಮೇಣದಬತ್ತಿ, ಎಣ್ಣೆಯ ಬಾಟಲಿ ಹಿಡಿದವರ ಸಾಲು. ಅದರಲ್ಲಿ ಕುಂಕುಮವಿಟ್ಟ ಹೆಂಗಸರೂ ಅಷ್ಟೇ ಸಂಖ್ಯೆಯಲ್ಲಿದ್ದಂತೆ ಕಂಡಿತು. ಮಿಲಾಗ್ರಿಸ್ ಮಾತೆಯೂ ಶಿರಗಾಂವದ ಲೈರಾಯಿ ದೇವಿಯೂ ಏಳು ಅಕ್ಕತಂಗಿಯರ ಪೈಕಿ ಎಂದು ಇಲ್ಲಿಯ ಜನಪದ ನಂಬುತ್ತದೆ. ನನ್ನ ಮುಂದೆ ನಿಂತಿದ್ದ ಬಿಚೋಲಿಯ ಕಡೆಯ ರೈತ ಮಹಿಳೆಯೊಬ್ಬರನ್ನು ಹರಕುಮುರುಕು ಹಿಂದಿಯಲ್ಲಿ ಕೇಳಿದೆ. "ಅಕ್ಕನ ಜಾತ್ರೆಗೆ ಹೋದವರು ತಂಗಿಯ ಜಾತ್ರೆಗೆ ಬರದಿದ್ದರೆ ಹೇಗೆ?" ಎಂದು ಅವರು ನನ್ನನ್ನೇ ಕೇಳಿದರು. ನನ್ನ ನಂಬಿಕೆಗೆ ಈ ಕಥೆ ಹೊಂದುವುದಿಲ್ಲ. ಆದರೂ ಆ ಪ್ರಶ್ನೆಯಲ್ಲಿದ್ದ ನಂಟಸ್ತಿಕೆ ನನಗೆ ಇಷ್ಟವಾಯಿತು.

ಮಂಗಳವಾರ

ಕುರುಬನ ಪಾಠ ಹೇಳಲು ಚಿತ್ರಪಟ ತೂಗುಹಾಕಿದೆ. ಚಿತ್ರದಲ್ಲಿ ಹಸಿರು ಹುಲ್ಲು, ಬಿಳಿ ಕುರಿ, ಉದ್ದ ನಿಲುವಂಗಿಯ ಕುರುಬ. ಬಾಗಲಕೋಟೆ ಕಡೆಯ ಹನ್ನೊಂದು ವರ್ಷದ ಹುಡುಗನೊಬ್ಬ ಎದ್ದು, "ನಮ್ಮ ಮುತ್ಯಾನ ಕುರಿ ಕರಿ ಅದಾವ್ರಿ. ಹಿಂಗ ಒಂದಾ ಕಡೆ ನಿಂದರಂಗಿಲ್ಲ" ಎಂದ. ಹೇಳು ಎಂದೆ. ಅವನು ಮಾತಾಡಿದ ಹದಿನೈದು ನಿಮಿಷ ನಾನು ಬಾಯಿ ತೆರೆಯಲಿಲ್ಲ.

ಬೇಸಿಗೆಯಲ್ಲಿ ಹೊಲ ಖಾಲಿಯಾದ ಮೇಲೆ ಮುತ್ಯಾ ಕುರಿ ಹೊಡೆದುಕೊಂಡು ಊರಿಂದೂರಿಗೆ ಹೋಗುತ್ತಾನಂತೆ. ರಾತ್ರಿ ಒಬ್ಬ ರೈತನ ಹೊಲದಲ್ಲಿ ದಡ್ಡಿ ಹಾಕಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ, ರೈತ ಜೋಳ ಕೊಡುತ್ತಾನೆ. ನಡೆಯಲಾರದ ಮರಿಗಳನ್ನು ಬುಟ್ಟಿಯಲ್ಲಿ ಹಾಕಿ ಕುದುರೆಯ ಮೇಲೆ ಹೇರುತ್ತಾರೆ. ತೋಳ ಬರುವ ರಾತ್ರಿ ಮುತ್ಯಾ ಮಲಗುವುದಿಲ್ಲ. ಕಂಬಳಿ ಹೊದ್ದು ಕುರಿಗಳ ನಡುವೆಯೇ ಕೂತಿರುತ್ತಾನೆ. "ಕುರಿಗೆ ಕೊರತಿ ಆಗಬಾರದಂದ್ರ ಮುತ್ಯಾಗ ನಿದ್ದಿ ಕೊರತಿ ಆಗ್ತದ್ರಿ" ಎಂದು ಅವನು ಮುಗಿಸಿದಾಗ, ನಾನು ರಾತ್ರಿಯಿಡೀ ತಯಾರಿಸಿದ್ದ ಪಾಠದ ಹಾಳೆಯನ್ನು ಮಡಚಿಟ್ಟೆ. ಗೋವಾದಲ್ಲೇ ಹುಟ್ಟಿ ಹಿಂಡನ್ನು ಕಾಣದ ಮಕ್ಕಳೂ ಆ ದಿನ ವಾಕ್ಯವನ್ನು ಒಂದೇ ಸಲಕ್ಕೆ ಬಾಯಿಪಾಠ ಹೇಳಿದರು.

ಬುಧವಾರ ಮತ್ತು ಗುರುವಾರ

ಪ್ರತಿದಿನ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಒಂಬತ್ತು ವರ್ಷದ ಒಬ್ಬ ಹುಡುಗಿ. ಒಂದೂವರೆ ವರ್ಷದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅಭಿನಯ ಗೀತೆ ಹಾಡುತ್ತಿದ್ದಳು. ಕೈ ಎತ್ತಬೇಕಾದ ಕಡೆ ಒಂದೇ ಕೈ ಎತ್ತುತ್ತಿದ್ದಳು. ಬುಧವಾರ ಮನೆಯ ಅಕ್ಕ ಆ ಮಗುವನ್ನು ಎತ್ತಿಕೊಳ್ಳಲು ಹೋದರೆ ಅದು ಅತ್ತಿತು. ಕೊನೆಗೆ ಮಾಯಿಯ ಜಗಲಿಯ ಕಂಬಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿದೆವು. ಮಗು ಮಲಗಿತು. ಹುಡುಗಿ ಎರಡೂ ಕೈ ಎತ್ತಿ ಹಾಡಿದಳು, ಆದರೆ ಪ್ರತಿ ಚರಣಕ್ಕೊಮ್ಮೆ ತಿರುಗಿ ಜೋಳಿಗೆಯನ್ನು ನೋಡುತ್ತಿದ್ದಳು.

ಮಧ್ಯಾಹ್ನ ನಡೆದು ಸಾಂಕ್ವಾಳದ ಹಳೆಯ ಚರ್ಚನ್ನು ನೋಡಿ ಬಂದೆವು. ಅಲ್ಲಿ ಮುಂಭಾಗದ ಗೋಡೆಯೊಂದು ಉಳಿದು ಆಕಾಶಕ್ಕೆ ಎದುರಾಗಿ ನಿಂತಿದೆ. ಹತ್ತಿರದಲ್ಲೇ ಸಂತ ಜೋಸೆಫ್ ವಾಜ್ ಅವರ ಪುಣ್ಯಕ್ಷೇತ್ರವಿದೆ. 1651ರಲ್ಲಿ ಬಾಣಾವಲಿಯಲ್ಲಿ ಹುಟ್ಟಿದ ಅವರು 1681ರಿಂದ 1684ರವರೆಗೆ ನಮ್ಮ ಕೆನರಾ ಸೀಮೆಯಲ್ಲಿ ಸೇವೆ ಮಾಡಿ, ಆಮೇಲೆ ಸಿಂಹಳಕ್ಕೆ ಹೋದವರು. 2015ರಲ್ಲಿ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಭುಜ ಮುಚ್ಚುವ ಉಡುಪಿದ್ದರೆ ಸಾಕು, ಯಾರಾದರೂ ಒಳಗೆ ಹೋಗಿ ಕೂತು ಬರಬಹುದು.

ಮರಳಿ ಬಂದಾಗ ಮಾಯಿ ಅಂಗಳದ ತುಂಬ ಮುರುಗಲ ಸಿಪ್ಪೆ ಹರಡಿದ್ದರು. ನಮ್ಮಲ್ಲಿ ಮುರುಗಲು, ಮಂಗಳೂರಿನವರಿಗೆ ಪುನರ್ಪುಳಿ, ಇವರಿಗೆ ಭಿಂಡ. ಸಿಪ್ಪೆಯನ್ನು ಬಿಸಿಲಿಗೆ ಹಾಕಿ, ಅದರದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದರೆ ಕಪ್ಪು ಸೋಲ್ ಆಗುತ್ತದೆ. ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಕೂಡಿಡುವ ಇಂಥ ದಿನಸಿಗೆ ಗೋವಾದಲ್ಲಿ ಪುರುಮೆಂತ್ ಎನ್ನುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಒಣಮೀನು, ಒಣ ಸಿಗಡಿಗಳಿಗೂ ಈಗಲೇ ಬೇಡಿಕೆ. ಮಡಗಾಂವದ ಪವಿತ್ರಾತ್ಮರ ಚರ್ಚಿನ ಹಬ್ಬಕ್ಕೆ ಪುರುಮೆಂತಾಚೆಂ ಫೆಸ್ತ್ ಎಂದೇ ಹೆಸರು; ಪೂಜೆ ಮುಗಿಸಿದ ಜನ ಅಲ್ಲಿಯೇ ಮೆಣಸಿನಕಾಯಿ, ಹುಣಸೆಹಣ್ಣು, ಮೀನು ಕೊಂಡು ಮನೆ ತುಂಬಿಸುತ್ತಾರೆ. ಆಮೇಲೆ ಜೂನ್ 24ಕ್ಕೆ ಸಾಂವ್ ಜುವಾಂವ್, ಸ್ನಾನಿಕ ಯೋಹಾನನ ಹಬ್ಬ. ಯೇಸುವಿನ ತಾಯಿ ಮರಿಯಳ ದನಿ ಕೇಳಿ ಎಲಿಜಬೇತಳ ಗರ್ಭದಲ್ಲಿ ಯೋಹಾನನು ನಲಿದಾಡಿದ ನೆನಪಿಗೆ, ಹೂವಿನ ಕಿರೀಟ ತೊಟ್ಟ ಗಂಡಸರು ತುಂಬಿದ ಬಾವಿಗೆ ಹಾರುವ ಹಬ್ಬ. "ಅಷ್ಟರಲ್ಲಿ ಮಳೆ ಬಂದಿರಬೇಕು, ಬಾವಿ ತುಂಬಿರಬೇಕು. ನಮ್ಮ ಬೇಸಿಗೆಯ ಪ್ರಾರ್ಥನೆ ಎಲ್ಲಾ ಅದಕ್ಕೇ" ಎಂದರು ಮಾಯಿ.

ಗುರುವಾರ ಮಧ್ಯಾಹ್ನದ ಮೇಲೆ ಮರದಡಿ ಸಮಾರೋಪದ ತಾಲೀಮು ನಡೆಯುತ್ತಿರುವಾಗ ಪಶ್ಚಿಮದಲ್ಲಿ ಗುಡುಗಿತು. ಗಾಳಿ ಬಂತು, ಹಲಸಿನ ಎಲೆ ಸುರಿದವು, ದೊಡ್ಡ ದೊಡ್ಡ ಹನಿ ಬಿದ್ದವು. ಡೋಲಕ್ಕು, ಚಿತ್ರಪಟಗಳನ್ನು ಒಳಗೆ ಹಾಕಬೇಕೆಂದು ನಾನು ಕೂಗುವಷ್ಟರಲ್ಲಿ ಐವತ್ತು ಮಕ್ಕಳೂ ಮುರುಗಲ ಚಾಪೆಗಳ ಕಡೆ ಓಡಿದ್ದರು. ಹೇಳಿದವರು ಯಾರೂ ಇಲ್ಲ. ಬೊಗಸೆ ಬೊಗಸೆಯಾಗಿ ಬಾಚಿ, ಲಂಗದ ಮಡಿಲಲ್ಲಿ, ಟೋಪಿಯಲ್ಲಿ, ಕಾಗದದ ಕಿರೀಟಗಳಲ್ಲಿ ತುಂಬಿ ಜಗಲಿಗೆ ಸುರಿದರು. ಹತ್ತು ನಿಮಿಷದಲ್ಲಿ ಮಳೆ ನಿಂತಾಗ ಒಂದು ಸಿಪ್ಪೆಯೂ ಕೆಟ್ಟಿರಲಿಲ್ಲ. ಕಿರೀಟಗಳೆಲ್ಲ ಹಾಳಾಗಿದ್ದವು, ಅಂಗೈಗಳು, ಚೀಟಿಗಳು, ನನ್ನ ಹಾಜರಿ ಪುಸ್ತಕ ಎಲ್ಲವೂ ನೇರಳೆ ಬಣ್ಣಕ್ಕೆ ತಿರುಗಿದ್ದವು. ಮಾಯಿ ಒಳಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ಮುರುಗಲ ಶರಬತ್ತು ಮಾಡಿ ತಂದರು. ಅದಕ್ಕೆ ಸಕ್ಕರೆಯ ಜೊತೆ ಒಂದು ಚಿಟಿಕೆ ಉಪ್ಪು ಹಾಕಿಸಿಕೊಂಡು ಕುಡಿಯಬೇಕು. ಈ ಊರಿನ ಬೆವರಿಗೆ ಅದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಗಲಿಲ್ಲ.

ಶುಕ್ರವಾರ

ಸಮಾರೋಪಕ್ಕೆ ತಾಯಂದಿರು ಕೆಲಸದ ಮನೆಗಳಲ್ಲಿ ಹೇಳಿ ಒಂದು ಗಂಟೆ ಬೇಗ ಬಂದಿದ್ದರು. ಪ್ರಮಾಣಪತ್ರ ಹಂಚುವಾಗ ಜೋಳಿಗೆಯ ಮಗುವಿನ ಅಕ್ಕನ ಹೆಸರು ಕರೆದೆ. ಯಾರೂ ಎದ್ದು ಬರಲಿಲ್ಲ. ಗದಗ-ಬೆಟಗೇರಿಯಲ್ಲಿ ಅಜ್ಜಿಗೆ ಮೈ ಸರಿಯಿಲ್ಲವೆಂದು ಫೋನು ಬಂದು, ಮನೆಯವರು ಹಿಂದಿನ ರಾತ್ರಿಯೇ ಬಸ್ಸು ಹತ್ತಿದ್ದರಂತೆ. ಹಿರಿಯರು ಆ ಪತ್ರವನ್ನು ನನ್ನ ಕೈಗೆ ಕೊಟ್ಟು, "ನಿಮಗ ಅದು ಸಮೀಪ ಆಗ್ತದ್ರಿ, ಮುಟ್ಟಿಸ್ರಿ" ಎಂದು ಹೇಳಿ ಅಜ್ಜಿಯ ಓಣಿಯ ಗುರುತು ಬರೆದುಕೊಟ್ಟರು.

ಶನಿವಾರ, ಮತ್ತು ಅದರ ಮುಂದಿನ ಶನಿವಾರ

ಮರಳುವ ರೈಲಿಗೆ ಕುಳೆಂನಲ್ಲಿ ಹಿಂದಿನಿಂದ ಇನ್ನಷ್ಟು ಎಂಜಿನ್ನು ಜೋಡಿಸಿ ಘಟ್ಟ ಹತ್ತಿಸಿದರು. ಮಾಯಿ ಕಟ್ಟಿಕೊಟ್ಟ ಸೋಲ್ ಮತ್ತು ಒಣ ಸಿಗಡಿಯ ವಾಸನೆ ಡಬ್ಬಿಯ ತುಂಬ ಹರಡಿತು. ಒಣಮೀನು ತರುವವರು ಮೂರು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ತರಬೇಕು.

ಒಂದು ವಾರದ ನಂತರ ಬೆಟಗೇರಿಗೆ ಹೋದೆ. 1841ರಿಂದ ಬಾಸೆಲ್ ಮಿಶನ್ನಿನ ಠಾಣ್ಯವಿದ್ದ ಊರು. ನೇಕಾರರ ಓಣಿಗಳಲ್ಲಿ ಇನ್ನೂ ಮಗ್ಗದ ಸದ್ದಿದೆ. ಅಜ್ಜಿ ಗುಣವಾಗಿ ಬಾಗಿಲಲ್ಲಿ ಕೂತಿದ್ದರು. ಹುಡುಗಿ ಮನೆಯಲ್ಲಿರಲಿಲ್ಲ. "ದೇವಾಲಯದಾಗ ಅದೇನೋ ಹಾಡಿನ ಸಾಲಿ ನಡದೈತಿ, ಮುಂಜಾನಿಂದ ಅಲ್ಲೇ ಅದಾಳ" ಎಂದರು. ಹೋಗಿ ನೋಡಿದರೆ ಬೇವಿನ ಮರದ ಕೆಳಗೆ ಇನ್ನೊಂದು ವಿಬಿಎಸ್. ಹಿಂದಿನ ಸಾಲಿನಲ್ಲಿ ಅವಳು ಎರಡೂ ಕೈ ಎತ್ತಿ ಹಾಡುತ್ತಿದ್ದಳು. ಪಕ್ಕದ ಕೊಂಬೆಯಲ್ಲಿ ಸೀರೆಯ ಜೋಳಿಗೆಯೊಂದು ತೂಗುತ್ತಿತ್ತು. ಅದನ್ನು ಕಟ್ಟಲು ಇಲ್ಲಿಯ ಟೀಚರಿಗೆ ಹೇಳಿಕೊಟ್ಟವಳು ಅವಳೇ ಎಂದು ಆಮೇಲೆ ತಿಳಿಯಿತು. ನೇರಳೆ ಕಲೆಯ ಪ್ರಮಾಣಪತ್ರವನ್ನು ಅವಳ ಕೈಗೆ ಕೊಟ್ಟೆ. ಅವಳು ಕಲೆಯನ್ನು ಮೂಗಿಗೆ ಹಿಡಿದು ನೋಡಿ, "ಮಾಯಿ ಸಿಪ್ಪಿ ಒಣಗಿದುವೇನ್ರಿ ಟೀಚರ್?" ಎಂದು ಕೇಳಿದಳು.